ರೋಗಿಯ ನಿದ್ರೆಗೂ ಒಂದು ಹಕ್ಕಿದೆ

ನಮ್ಮ ಮನೆಗಳಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆ ಆಗುವುದೆಂದರೆ ಅದು ಒಬ್ಬರ ವಿಷಯವಾಗಿ ಉಳಿಯುವುದಿಲ್ಲ. ಖಾನಾಪುರದ ಹಿರಿಯರೊಬ್ಬರನ್ನು ಬೆಳಗಾವಿಯ ಆಸ್ಪತ್ರೆಗೆ ಸೇರಿಸಿದ ದಿನವೇ ನಂದಗಡ, ಬೀಡಿ, ಲೋಂಡಾದ ಬಂಧುಗಳಿಗೆ ಸುದ್ದಿ ತಲುಪುತ್ತದೆ. ಮಸೀದಿಯಲ್ಲಿ ದುಆ ನಡೆಯುತ್ತದೆ. ಆಪರೇಶನ್ ಕೋಣೆಯ ಹೊರಗೆ ಹೆಂಗಸರು ತಸ್ಬೀಹ್ ಹಿಡಿದು ಕೂರುತ್ತಾರೆ. ವೈದ್ಯರು ಹೊರಬಂದು ಎಲ್ಲವೂ ಸರಿಯಾಗಿದೆ ಎಂದೊಡನೆ ಅಲ್‌ಹಮ್ದುಲಿಲ್ಲಾಹ್ ಎಂಬ ಮಾತು ಎಲ್ಲರ ಬಾಯಿಂದಲೂ ಒಮ್ಮೆಲೇ ಹೊರಡುತ್ತದೆ. ಕಷ್ಟ ಮುಗಿಯಿತೆಂದು ನಾವು ಭಾವಿಸುವುದು ಆ ಕ್ಷಣದಲ್ಲಿ. ರೋಗಿಗಾದರೋ ಇನ್ನೊಂದು ಕಷ್ಟ ಆರಂಭವಾಗುವುದೇ ಅಲ್ಲಿಂದ. ರಾತ್ರಿ ಎರಡು ಗಂಟೆಗೆ ಎಲ್ಲರೂ ಮಲಗಿರುವಾಗ ಅವರೊಬ್ಬರೇ ಸೂರು ನೋಡುತ್ತ ಎಚ್ಚರವಾಗಿರುತ್ತಾರೆ. ಮನೆಗೆ ಬಂದು ವಾರವಾದರೂ, ಎರಡು ವಾರವಾದರೂ ಇದೇ ಕಥೆ. ಗಾಯ ಒಣಗುತ್ತಿದೆ, ಹೊಲಿಗೆ ಬಿಚ್ಚಿದ್ದಾರೆ, ಊಟ ಸೇರುತ್ತಿದೆ. ನಿದ್ರೆ ಮಾತ್ರ ಇಲ್ಲ.

ಇದನ್ನು ಯಾರಿಗೂ ಹೇಳಿಕೊಳ್ಳಲು ರೋಗಿಗೆ ಸಂಕೋಚ. ಲಕ್ಷಾಂತರ ರೂಪಾಯಿ ಖರ್ಚಾಗಿರುತ್ತದೆ, ಮಗ ಕೆಲಸಕ್ಕೆ ರಜೆ ಹಾಕಿರುತ್ತಾನೆ, ಸೊಸೆ ಹಗಲಿರುಳು ದುಡಿದಿರುತ್ತಾಳೆ. ಇಷ್ಟರ ಮೇಲೆ ನಿದ್ರೆ ಬರುತ್ತಿಲ್ಲವೆಂದು ದೂರುವುದು ಹೇಗೆ? ಒಂದು ವೇಳೆ ಹೇಳಿದರೂ ನಮ್ಮ ಉತ್ತರ ಸಿದ್ಧವಾಗಿರುತ್ತದೆ: ಚಿಂತೆ ಮಾಡಬೇಡಿ, ಅಲ್ಲಾಹನ ಮೇಲೆ ಭರವಸೆಯಿಡಿ, ತಾನಾಗಿ ಬರುತ್ತದೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ನಾವು ಇಲ್ಲಿಯೂ ತಂದು ಹಚ್ಚುತ್ತೇವೆ. ಆ ಗಾದೆ ಆರೋಗ್ಯವಂತರಿಗೆ ಒಪ್ಪುತ್ತದೆ. ಹೊಟ್ಟೆ ಕೊಯ್ಸಿಕೊಂಡವರಿಗೆ, ಎದೆಯ ಮೂಳೆ ಸೀಳಿಸಿಕೊಂಡವರಿಗೆ ಅದನ್ನು ಹೇಳುವುದು ಅನ್ಯಾಯ. ಅವರ ಎಚ್ಚರಕ್ಕೆ ಕಾರಣ ಬಹುತೇಕ ದೇಹದೊಳಗಿದೆ.

ಅರಿವಳಿಕೆಯಿಂದ ಬರುವ ಮೈಮರೆವು ನಿದ್ರೆಯಲ್ಲ ಎಂಬುದನ್ನು ಮೊದಲು ತಿಳಿಯಬೇಕು. ನಾಲ್ಕು ಗಂಟೆ ಅರಿವಳಿಕೆಯಲ್ಲಿದ್ದವರು ನಾಲ್ಕು ಗಂಟೆ ಮಲಗಿ ಎದ್ದಂತಲ್ಲ. ದೊಡ್ಡ ಶಸ್ತ್ರಚಿಕಿತ್ಸೆಯ ನಂತರದ ಮೊದಲ ಒಂದೆರಡು ರಾತ್ರಿಗಳಲ್ಲಿ ಗಾಢ ನಿದ್ರೆಯೂ ಕನಸು ಬೀಳುವ ಹಂತದ ನಿದ್ರೆಯೂ ತೀರಾ ಕುಗ್ಗುತ್ತವೆ. ಕೆಲವು ದಿನಗಳಾದ ಮೇಲೆ ಆ ಕನಸಿನ ಹಂತ ಒಮ್ಮೆಲೇ ಉಕ್ಕಿ ಬರುತ್ತದೆ. ಆಗ ಭಯಂಕರ ಕನಸುಗಳು ಬಿದ್ದು ರೋಗಿ ಬೆವರಿ ಏಳುತ್ತಾರೆ. ಕೊಯ್ತವನ್ನು ದೇಹ ಒಂದು ಆಕ್ರಮಣವೆಂದೇ ಗ್ರಹಿಸುತ್ತದೆ. ಸಾಮಾನ್ಯವಾಗಿ ನಡುರಾತ್ರಿಯ ವೇಳೆ ಇಳಿದಿರಬೇಕಾದ ಕಾರ್ಟಿಸಾಲ್ ಎಂಬ ಹಾರ್ಮೋನು ಆಗ ಏರಿಯೇ ಇರುತ್ತದೆ. ಕತ್ತಲಾದಾಗ ನಿದ್ರೆಗೆ ಕರೆಯುವ ಮೆಲಟೋನಿನ್ ತನ್ನ ವೇಳೆ ತಪ್ಪುತ್ತದೆ. ನೋವು ನಿದ್ರೆಯನ್ನು ಕೆಡಿಸುತ್ತದೆ, ಕೆಟ್ಟ ನಿದ್ರೆ ನೋವನ್ನು ಇನ್ನಷ್ಟು ತೀಕ್ಷ್ಣವಾಗಿಸುತ್ತದೆ. ಮಾರ್ಫಿನ್, ಟ್ರಮಡಾಲ್‌ನಂತಹ ನೋವು ನಿವಾರಕಗಳು ಮಂಪರು ತರಿಸಿದರೂ ಗಾಢ ನಿದ್ರೆಯನ್ನು ಕಡಿಮೆ ಮಾಡುತ್ತವೆ. ವಾಂತಿ ತಡೆಯಲು ಅಥವಾ ಬಾವು ಇಳಿಸಲು ಕೊಡುವ ಸ್ಟಿರಾಯ್ಡ್ ಎಚ್ಚರವಾಗಿಡುತ್ತದೆ. ಸಂಜೆ ನುಂಗಿದ ಮೂತ್ರವರ್ಧಕ ಮಾತ್ರೆ ರಾತ್ರಿ ನಾಲ್ಕು ಬಾರಿ ಎಬ್ಬಿಸುತ್ತದೆ. ಅದನ್ನು ಬೆಳಿಗ್ಗೆಗೆ ಬದಲಾಯಿಸಬಹುದೇ ಎಂದು ವೈದ್ಯರನ್ನು ಕೇಳುವವರು ವಿರಳ. ಹೆಚ್ಚಿನವರಲ್ಲಿ ದಿನಗಳೋ ವಾರಗಳೋ ಕಳೆದಂತೆ ಇದೆಲ್ಲ ತಹಬಂದಿಗೆ ಬರುತ್ತದೆ. ತೆರೆದ ಹೃದಯದ ಶಸ್ತ್ರಚಿಕಿತ್ಸೆ, ಮಂಡಿ ಬದಲಾವಣೆ ಮುಂತಾದವುಗಳಲ್ಲಿ ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ.

ಇಷ್ಟನ್ನು ತಿಳಿದ ಮೇಲೆ ರೋಗಿಯ ಈಮಾನ್ ದುರ್ಬಲವೆಂದೋ, ಯಾರದೋ ನಜರ್ ತಾಗಿತೆಂದೋ ಹೇಳಲು ನಮಗೆ ಬಾಯಿ ಬರಬಾರದು. ನಜರ್ ಸತ್ಯವೆಂಬುದನ್ನು ನಾವು ಅಲ್ಲಗಳೆಯುತ್ತಿಲ್ಲ. ಓದಿ ಊದುವುದನ್ನೂ ಬೇಡವೆನ್ನುತ್ತಿಲ್ಲ. ಮಹಾಯೋಧ ಖಾಲಿದ್ ಬಿನ್ ವಲೀದ್(ರ) ಅವರು ರಾತ್ರಿ ನಿದ್ರೆ ಬರುತ್ತಿಲ್ಲವೆಂದು ಪ್ರವಾದಿ(ಸ) ಅವರಲ್ಲಿ ಹೇಳಿಕೊಂಡಾಗ ಅವರಿಗೊಂದು ದುಆ ಕಲಿಸಲಾಯಿತೆಂಬ ವರದಿ ತಿರ್ಮಿದಿಯಲ್ಲಿದೆ. ಅದರ ಸನದು ಬಲವಾದುದಲ್ಲವೆಂದು ಇಮಾಮ್ ತಿರ್ಮಿದಿಯವರೇ ಟಿಪ್ಪಣಿ ಮಾಡಿದ್ದಾರೆ, ಅದನ್ನು ಮರೆಮಾಚಬಾರದು. ಆದರೂ ಆ ವರದಿಯನ್ನು ಶತಮಾನಗಳಿಂದ ಓದುತ್ತ ಬಂದ ವಿದ್ವಾಂಸರಲ್ಲಿ ಯಾರಿಗೂ ಖಾಲಿದ್ ಅವರ ಈಮಾನ್ ಬಗ್ಗೆ ಅನುಮಾನ ಹುಟ್ಟಲಿಲ್ಲ ಎಂಬುದು ಗಮನಾರ್ಹ. ನಿದ್ರೆ ಬಾರದಿರುವುದನ್ನು ಅವರು ದೂಷಣೆಗೆ ಅರ್ಹವಾದ ಸಂಗತಿಯೆಂದು ಎಣಿಸಲಿಲ್ಲ.

ಕುರ್‌ಆನ್‌ನ ಅನ್ನಬಅ್ ಅಧ್ಯಾಯವು ಸೃಷ್ಟಿಕರ್ತನ ಅನುಗ್ರಹಗಳನ್ನು ಎಣಿಸುವಾಗ ಭೂಮಿ, ಪರ್ವತ, ಜೋಡಿಗಳ ಬೆನ್ನಿಗೇ ನಿದ್ರೆಯನ್ನು ಹೆಸರಿಸುತ್ತದೆ. ಅರ್‍ರೂಮ್ ಅಧ್ಯಾಯದಲ್ಲಿ ರಾತ್ರಿಯ ನಿದ್ರೆಯೂ ಹಗಲಿನ ನಿದ್ರೆಯೂ ದೇವನ ದೃಷ್ಟಾಂತಗಳಲ್ಲಿ ಸೇರಿವೆ. ಅಬ್ದುಲ್ಲಾಹ್ ಬಿನ್ ಅಮ್ರ್(ರ) ಅವರು ದಿನವಿಡೀ ಉಪವಾಸ, ರಾತ್ರಿಯಿಡೀ ನಮಾಝ್ ಎಂದು ಹಟ ಹಿಡಿದಾಗ ಪ್ರವಾದಿ(ಸ) ಅವರು ದೇಹಕ್ಕೂ ಕಣ್ಣಿಗೂ ಹಕ್ಕುಗಳಿವೆಯೆಂದು ನೆನಪಿಸಿದ ಹದೀಸ್ ಬುಖಾರಿಯಲ್ಲಿದೆ. ಸಲ್ಮಾನ್(ರ) ಅವರು ಅಬುದ್ದರ್ದಾ(ರ) ಅವರ ಮನೆಗೆ ಅತಿಥಿಯಾಗಿ ಹೋದಾಗ, ರಾತ್ರಿಯ ಆರಂಭದಲ್ಲೇ ನಮಾಝ್‌ಗೆ ಎದ್ದ ಆತಿಥೇಯರನ್ನು ಎರಡು ಬಾರಿ ಮಲಗಿಸಿದ ಪ್ರಸಂಗವೂ ಅಲ್ಲೇ ಇದೆ. ಇವರೆಲ್ಲ ಆರೋಗ್ಯವಂತರು. ಆರೋಗ್ಯವಂತರ ಕಣ್ಣಿಗೇ ಇಷ್ಟು ಹಕ್ಕಿರುವಾಗ ಹೊಲಿಗೆ ಹಾಕಿಸಿಕೊಂಡು ಮಲಗಿರುವವರ ಕಣ್ಣಿಗೆ ಎಷ್ಟಿರಬೇಕು?

ಕೆಲವು ಹಿರಿಯರಿಗೆ ಇನ್ನೊಂದು ತಳಮಳವಿರುತ್ತದೆ. ವರ್ಷಗಳಿಂದ ಬಿಡದೆ ನಿರ್ವಹಿಸುತ್ತಿದ್ದ ತಹಜ್ಜುದ್ ತಪ್ಪಿತಲ್ಲ ಎಂಬ ಕೊರಗಿನಲ್ಲಿ ಅವರು ಇದ್ದ ಅಲ್ಪ ನಿದ್ರೆಯನ್ನೂ ಮುರಿದುಕೊಂಡು ಏಳುತ್ತಾರೆ. ರೋಗಿ ಮತ್ತು ಪ್ರಯಾಣಿಕರಿಗೆ ಅವರು ಆರೋಗ್ಯದಲ್ಲಿದ್ದಾಗ, ಊರಲ್ಲಿದ್ದಾಗ ಮಾಡುತ್ತಿದ್ದ ಸತ್ಕರ್ಮಗಳ ಪ್ರತಿಫಲವೇ ಬರೆಯಲ್ಪಡುತ್ತದೆಂಬ ಶುಭವಾರ್ತೆ ಸಹೀಹ್ ಹದೀಸ್‌ನಲ್ಲಿರುವುದನ್ನು ಮಕ್ಕಳು ಅವರಿಗೆ ನೆನಪಿಸಬೇಕು. ಕಡ್ಡಾಯ ನಮಾಝ್‌ನ ಮಾತು ಬೇರೆ. ಪ್ರಜ್ಞೆ ಇರುವವರೆಗೆ ಅದು ಇದೆ. ಅದರಲ್ಲಿಯೂ ಎಷ್ಟು ಸೌಲಭ್ಯ! ಮೂಲವ್ಯಾಧಿಯಿಂದ ಬಳಲುತ್ತಿದ್ದ ಇಮ್ರಾನ್ ಬಿನ್ ಹುಸೈನ್(ರ) ಅವರಿಗೆ ನಿಂತು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ನಮಾಝ್ ನಿರ್ವಹಿಸಲು ಅನುಮತಿ ಸಿಕ್ಕಿತು. ಪಟ್ಟಿ ಕಟ್ಟಿದ ಗಾಯದ ಮೇಲೆ ಒದ್ದೆ ಕೈ ಸವರಿದರೆ ಸಾಕು; ನೀರು ಹಾನಿಕರವಾದರೆ ತಯಮ್ಮುಮ್ ಇದೆ. ಹಾಸಿಗೆಯ ಪಕ್ಕದಲ್ಲೇ ತಯಮ್ಮುಮ್‌ಗೆ ಒಂದು ಮಣ್ಣಿನ ಬಿಲ್ಲೆಯೋ ಕಲ್ಲೋ ಇಟ್ಟರೆ ಫಜ್ರ್‌ಗೆ ಎದ್ದವರು ಹತ್ತು ನಿಮಿಷದಲ್ಲಿ ಮತ್ತೆ ಮಲಗಬಹುದು. ಅದನ್ನು ಬಿಟ್ಟು ಅವರನ್ನು ಎಬ್ಬಿಸಿ, ದೀಪಗಳನ್ನೆಲ್ಲ ಹಚ್ಚಿ, ನಡೆಸಿಕೊಂಡು ನಲ್ಲಿಯವರೆಗೆ ಒಯ್ಯುವುದು ಯಾವ ಮಝ್‌ಹಬ್‌ನ ಆದೇಶವೂ ಅಲ್ಲ. ಎರಡು ಹೊತ್ತಿನ ನಮಾಝ್ ಕೂಡಿಸುವ ವಿಷಯದಲ್ಲಿ ಇಮಾಮರ ನಡುವೆ ಭಿನ್ನಾಭಿಪ್ರಾಯವಿದೆ. ತಮ್ಮ ಮೊಹಲ್ಲಾದ ಆಲಿಮರನ್ನು ಕೇಳಿ ನಡೆಯುವುದು ಲೇಸು.

ಸಬರ್ ಎಂಬ ಪದವನ್ನೂ ನಾವು ಬಹಳ ಒರಟಾಗಿ ಬಳಸುತ್ತಿದ್ದೇವೆ ಎನಿಸುತ್ತದೆ. ತಾಬಿಈ ವಿದ್ವಾಂಸ ಉರ್ವಾ ಬಿನ್ ಝುಬೈರ್ ಅವರ ಕಾಲು ಕತ್ತರಿಸಬೇಕಾಗಿ ಬಂದಾಗ ಅವರು ಬುದ್ಧಿ ಮಂಕಾಗಿಸುವ ಪೇಯವನ್ನು ನಿರಾಕರಿಸಿದರೆಂದು ಚರಿತ್ರಕಾರರು ಬರೆಯುತ್ತಾರೆ. ಬಯಾನ್‌ಗಳಲ್ಲಿ ಈ ಕಥೆ ಕೇಳದವರಿಲ್ಲ. ಆದರೆ ಉರ್ವಾ ತಮ್ಮ ಬಗ್ಗೆ ತೆಗೆದುಕೊಂಡ ನಿರ್ಧಾರ ಅದು. ಅವರು ಇನ್ನೊಬ್ಬ ರೋಗಿಯ ಕೈಯಿಂದ ಔಷಧಿ ಕಸಿದುಕೊಳ್ಳಲಿಲ್ಲ. ನೋವಿನ ಮಾತ್ರೆ ಹೆಚ್ಚು ತೆಗೆದುಕೊಳ್ಳಬಾರದು, ತಡೆದುಕೊಳ್ಳಬೇಕು ಎಂದು ರಾತ್ರಿಯ ಮಾತ್ರೆಯನ್ನು ತಾವಾಗಿ ಬಿಡುವ ರೋಗಿಗಳನ್ನು ನಾವು ಕಂಡಿದ್ದೇವೆ. ಆ ಮಾತ್ರೆಯ ಫಲ ರಾತ್ರಿ ಒಂದು ಗಂಟೆಗೆ ಮುಗಿದು ನೋವು ಎಬ್ಬಿಸಿದ ಮೇಲೆ ಬೆಳಗಿನವರೆಗೆ ನಿದ್ರೆಯಿಲ್ಲ. ಮಲಗುವ ಹೊತ್ತಿಗೆ ನೋವು ಹತೋಟಿಯಲ್ಲಿರುವಂತೆ ಮಾತ್ರೆಯ ವೇಳೆಯನ್ನು ವೈದ್ಯರೊಡನೆ ಹೊಂದಿಸಿಕೊಳ್ಳಬೇಕು. ಚಿಕಿತ್ಸೆ ಪಡೆಯಿರಿ ಎಂಬುದು ಪ್ರವಾದಿ(ಸ) ಅವರ ಆದೇಶವೇ ಆಗಿರುವಾಗ ಇದರಲ್ಲಿ ತವಕ್ಕುಲ್‌ಗೆ ಕುಂದೆಲ್ಲಿಂದ ಬಂತು?

ಇನ್ನು ಇಯಾದತ್. ಈ ವಿಷಯವನ್ನು ಬರೆಯುವಾಗ ಕೆಲವರಿಗೆ ಬೇಸರವಾಗಬಹುದು, ಆದರೂ ಬರೆಯಲೇಬೇಕು. ರೋಗಿಯನ್ನು ಸಂದರ್ಶಿಸುವುದು ಮುಸ್ಲಿಮನ ಮೇಲೆ ಮುಸ್ಲಿಮನಿಗಿರುವ ಹಕ್ಕುಗಳಲ್ಲಿ ಒಂದು. ಅದೊಂದು ಇಬಾದತ್. ಅದು ನಮ್ಮ ಕೈಯಲ್ಲಿ ಏನಾಗಿದೆ ನೋಡಿ. ಖಾನಾಪುರದಿಂದ ಬೆಳಗಾವಿಗೆ ಸುಮಾರು 25 ಕಿಲೋಮೀಟರ್. ಕೆಲಸ ಮುಗಿಸಿ, ಅಸರ್ ನಮಾಝ್ ಮಾಡಿ, ಟ್ರ್ಯಾಕ್ಸ್ ಮಾಡಿಕೊಂಡು ಹತ್ತು ಹನ್ನೆರಡು ಜನ ಹೊರಟರೆ ಆಸ್ಪತ್ರೆ ತಲುಪುವಾಗ ಮಗ್ರಿಬ್. ಕುಂದಾದ ಪೆಟ್ಟಿಗೆ ಕೈಯಲ್ಲಿ. (ರೋಗಿಗೆ ಸಕ್ಕರೆ ಕಾಯಿಲೆ ಇರುವುದು ಎಲ್ಲರಿಗೂ ಗೊತ್ತು.) ವಾರ್ಡಿನ ಕಾವಲುಗಾರನೊಡನೆ ವಾದ, ನಂತರ ಹಾಸಿಗೆಯ ಸುತ್ತ ಗುಂಪು, ಅಲ್ಲಿಂದ ವೀಡಿಯೊ ಕರೆಯಲ್ಲಿ ದುಬೈನ ಅಳಿಯನಿಗೆ ರೋಗಿಯ ದರ್ಶನ, ಇದೇ ಶಸ್ತ್ರಚಿಕಿತ್ಸೆಯಲ್ಲಿ ತೀರಿಕೊಂಡ ಯಾರದೋ ಚಾಚಾನ ಕಥೆ. ಪಕ್ಕದ ಹಾಸಿಗೆಯಲ್ಲಿ ಮಲಗಿದವರು ಮುಸ್ಲಿಮರಾಗಿರಲಿ, ಲಿಂಗಾಯತರಾಗಿರಲಿ, ಮರಾಠರಾಗಿರಲಿ, ಅವರೂ ಅದೇ ದಿನ ಕೊಯ್ಸಿಕೊಂಡವರು. ಡಿಸ್‌ಚಾರ್ಜ್ ಆದ ಮೇಲೆ ಇದೇ ಜಾತ್ರೆ ಮನೆಯಲ್ಲಿ. ರೋಗಿಗೆ ಕಣ್ಣು ಎಳೆಯುತ್ತಿದ್ದರೂ ಬಂದವರೆದುರು ಒರಗಿ ಕೂರಬೇಕು, ಅದೇ ಉತ್ತರಗಳನ್ನು ಹನ್ನೊಂದನೆಯ ಬಾರಿ ಹೇಳಬೇಕು. ರಾತ್ರಿ ಹತ್ತೂವರೆಗೆ ಕೊನೆಯ ಚಹಾ ಲೋಟ ತೊಳೆಯುವ ಹೊತ್ತಿಗೆ ಅವರ ನಿದ್ರೆಯ ವೇಳೆ ದಾಟಿರುತ್ತದೆ.

ಇಯಾದತ್‌ನ ಅದಬ್‌ಗಳನ್ನು ಬರೆದ ನಮ್ಮ ವಿದ್ವಾಂಸರು ಕಡಿಮೆ ಹೊತ್ತು ಕೂರುವುದನ್ನು, ಗದ್ದಲ ಮಾಡದಿರುವುದನ್ನು, ರೋಗಿಯ ವಿಶ್ರಾಂತಿಯ ವೇಳೆಯನ್ನು ತಪ್ಪಿಸಿ ಹೋಗುವುದನ್ನು ಸೇರಿಸಿದ್ದಾರೆ. ಇಶಾ ನಮಾಝ್‌ನ ನಂತರ ಹರಟೆಯನ್ನು ಪ್ರವಾದಿ(ಸ) ಅವರು ಇಷ್ಟಪಡುತ್ತಿರಲಿಲ್ಲ ಎಂಬುದು ಬುಖಾರಿಯಲ್ಲಿದೆ. ಬೇರೆ ನಾಡಿನ ಅನುಭವವೂ ಇದನ್ನೇ ಹೇಳುತ್ತದೆ. ಆಧುನಿಕ ಶುಶ್ರೂಷೆಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಬರೆದ ಶುಶ್ರೂಷೆಯ ಕುರಿತಾದ ಪುಸ್ತಕದಲ್ಲಿ ಸದ್ದಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟರು. ರೋಗಿಯನ್ನು ಮೊದಲ ನಿದ್ರೆಯಿಂದ ಎಬ್ಬಿಸಿದರೆ ಮತ್ತೆ ನಿದ್ರೆ ಬರುವುದು ದುರ್ಲಭವೆಂದು ಆಕೆ ಕಂಡುಕೊಂಡಿದ್ದರು. ಜೋರಾದ ಮಾತಿಗಿಂತ ಕೋಣೆಯ ಮೂಲೆಯ ಪಿಸುಮಾತು ರೋಗಿಯನ್ನು ಹೆಚ್ಚು ಹಿಂಸಿಸುತ್ತದೆ ಎಂಬ ಆಕೆಯ ಅವಲೋಕನವನ್ನು ನಮ್ಮ ಪಡಸಾಲೆಗಳಲ್ಲಿ ನಾವು ದಿನವೂ ಪರೀಕ್ಷಿಸಬಹುದು: ಬಾಗಿಲ ಬಳಿ ನಿಂತು ಪಿಸುಗುಟ್ಟುವವರನ್ನು ಕಂಡರೆ ರೋಗಿಗೆ ಅದು ತನ್ನ ಕುರಿತಾದ ಕೆಟ್ಟ ಸುದ್ದಿಯೆಂದೇ ತೋರುತ್ತದೆ. ಅದಕ್ಕೂ ಹಿಂದೆ, 1488ರಲ್ಲಿ ಎದಿರ್ನೆ ಪಟ್ಟಣದಲ್ಲಿ ಉಸ್ಮಾನಿಯಾ ಸುಲ್ತಾನ ಎರಡನೆಯ ಬಾಯಝೀದ್ ಕಟ್ಟಿಸಿದ ದಾರುಶ್ಶಿಫಾದಲ್ಲಿ ಗುಮ್ಮಟದ ಕೆಳಗೆ ಕಾರಂಜಿಯೊಂದನ್ನು ಇರಿಸಿ, ನೀರಿನ ಮೆಲುದನಿ ರೋಗಿಗಳ ಕೋಣೆಗಳಿಗೆ ಕೇಳಿಸುವಂತೆ ಮಾಡಿದ್ದರು. ಕಟ್ಟಡ ಇಂದಿಗೂ ಇದೆ. ರೋಗಿಯ ಕಿವಿಗೆ ಏನು ಬೀಳಬೇಕೆಂದು ಯೋಚಿಸಿ ಕಲ್ಲು ಕೂರಿಸಿದ ಜನರ ಪರಂಪರೆಯವರು ನಾವು.

ಸದ್ದಿನ ಮಾತು ಬಂದದ್ದರಿಂದ ಕಾನೂನನ್ನೂ ಹೇಳಬೇಕು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆಯ ಸುತ್ತಲಿನ ಕನಿಷ್ಠ 100 ಮೀಟರ್ ನಿಶ್ಶಬ್ದ ವಲಯ. ಅಲ್ಲಿ ಹಗಲು 50 ಡೆಸಿಬಲ್, ರಾತ್ರಿ 40 ಡೆಸಿಬಲ್ ಮೀರಬಾರದು. ರಾತ್ರಿ ವಾರ್ಡಿನೊಳಗೆ 30 ಡೆಸಿಬಲ್ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಪಿಸುಮಾತಿನ ಮಟ್ಟ. ಬೆಳಗಾವಿಯ ಯಾವ ರಸ್ತೆಯಲ್ಲಿ ಈ ಸಂಖ್ಯೆಗಳು ಉಳಿದಾವು? ಮೆರವಣಿಗೆಯ ಡಿಜೆಯನ್ನು ದೂರುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಆದರೆ ನಮ್ಮ ಮದುವೆಯ ಸದ್ದು, ಉರುಸಿನ ಕವ್ವಾಲಿ, ರಾತ್ರಿ ಹನ್ನೆರಡರವರೆಗೆ ಎಳೆಯುವ ಜಲ್ಸಾದ ಹಾರ್ನ್ ಸ್ಪೀಕರುಗಳ ಬಗ್ಗೆ ನಮ್ಮ ನಾಲಿಗೆ ಮೆತ್ತಗಾಗುತ್ತದೆ. 2021ರ ಮಾರ್ಚ್‌ನಲ್ಲಿ ಕರ್ನಾಟಕ ರಾಜ್ಯ ವಕ್ಫ್ ಮಂಡಳಿಯು ರಾತ್ರಿ 10ರಿಂದ ಬೆಳಿಗ್ಗೆ 6ರ ವರೆಗೆ ಮಸೀದಿ, ದರ್ಗಾಗಳಲ್ಲಿ ಧ್ವನಿವರ್ಧಕ ಬಳಸಬಾರದೆಂದು ಸುತ್ತೋಲೆ ಹೊರಡಿಸಿದಾಗ ಅದನ್ನು ಕೇವಲ ರಾಜಕೀಯವಾಗಿ ನೋಡಿದವರೇ ಹೆಚ್ಚು. ಆ ಮಸೀದಿಯ ಹಿಂದಿನ ಗಲ್ಲಿಯಲ್ಲಿ ನಿನ್ನೆ ತಾನೇ ಆಸ್ಪತ್ರೆಯಿಂದ ಬಂದು ಮಲಗಿದ ನಮ್ಮದೇ ಒಬ್ಬ ಖಾಲಾ ಇರಬಹುದೆಂದು ಯಾರಾದರೂ ಯೋಚಿಸಿದರೇ?

ಎಲ್ಲಕ್ಕಿಂತ ಹೆಚ್ಚು ಹೇಳಬೇಕಾದದ್ದು ವೃದ್ಧರ ಬಗ್ಗೆ. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ದಾದಿಯೊಬ್ಬರು ಎರಡನೆಯ ಅಥವಾ ಮೂರನೆಯ ರಾತ್ರಿ ಹಠಾತ್ತನೆ ಬದಲಾಗುತ್ತಾರೆ. ನಿದ್ರೆಯಿಲ್ಲ. ಮಗನನ್ನು ಗುರುತಿಸುವುದಿಲ್ಲ. ಗೋಡೆಯ ಮೇಲೆ ಏನೋ ಹರಿದಾಡುತ್ತಿದೆ ಎನ್ನುತ್ತಾರೆ, ತೀರಿಹೋದವರೊಡನೆ ಮಾತಾಡುತ್ತಾರೆ, ಕೈಗೆ ಹಾಕಿದ ಸಲಾಯಿನ್ ಕೀಳುತ್ತಾರೆ, ಎಂದೂ ಆಡದ ಕೆಟ್ಟ ಮಾತು ಆಡುತ್ತಾರೆ. ಹಗಲಾದೊಡನೆ ಅರ್ಧ ಸರಿಯಾದಂತೆ ಕಾಣುತ್ತಾರೆ, ಸಂಜೆಗೆ ಮತ್ತೆ ಅದೇ. ಮನೆಯವರು ಹೆದರಿ ಶೈತಾನ್ ಹಿಡಿದಿದೆಯೆಂದು ಆಮಿಲನನ್ನು ಹುಡುಕುತ್ತಾರೆ; ಇಲ್ಲವೇ ವಯಸ್ಸಾಯಿತು, ಅರುಳು ಮರುಳು ಎಂದು ಕೈಬಿಡುತ್ತಾರೆ. ಎರಡೂ ಅಪಾಯ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಡೆಲಿರಿಯಂ ಎನ್ನುತ್ತಾರೆ. 65 ದಾಟಿದವರಲ್ಲಿ, ಮೊದಲೇ ಮರೆವು ಇದ್ದವರಲ್ಲಿ, ಮೂಳೆ ಮತ್ತು ಹೃದಯದ ದೊಡ್ಡ ಶಸ್ತ್ರಚಿಕಿತ್ಸೆಗಳ ನಂತರ ಇದು ಸಾಮಾನ್ಯ. ಇದರ ಹಿಂದೆ ಬಹುಪಾಲು ಹುಡುಕಿದರೆ ಸಿಗುವ ಕಾರಣವೊಂದಿರುತ್ತದೆ: ಸೋಂಕು, ಕಟ್ಟಿಕೊಂಡ ಮೂತ್ರ, ಮಲಬದ್ಧತೆ, ರಕ್ತದಲ್ಲಿ ಸೋಡಿಯಂ ಇಳಿಕೆ, ಆಮ್ಲಜನಕದ ಕೊರತೆ, ಹೊಸ ಔಷಧಿ, ತಡೆಯದ ನೋವು, ಕೆಟ್ಟ ನಿದ್ರೆ. ಆ ಕಾರಣಕ್ಕೆ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಚೇತರಿಸುತ್ತಾರೆ. ತಾವೀಜ್ ಕಟ್ಟಿಸಲು ಹೋಗಿ ಎರಡು ದಿನ ಕಳೆದರೆ ಆ ಎರಡು ದಿನದಲ್ಲಿ ಸೋಂಕು ರಕ್ತಕ್ಕೆ ಇಳಿಯಬಹುದು.

ಮದ್ಯಪಾನದ ಚಟವಿದ್ದವರಲ್ಲಿ ಅದು ಒಮ್ಮೆಲೇ ನಿಂತಾಗಲೂ ಇದೇ ಬಗೆಯ ಸ್ಥಿತಿ ಬರುತ್ತದೆ, ಅದು ಪ್ರಾಣಾಂತಿಕವೂ ಆಗಬಲ್ಲದು. ನಮ್ಮ ಮನೆಗಳಲ್ಲಿ ಆ ಚಟವನ್ನು ಮರ್ಯಾದೆಗೆ ಅಂಜಿ ಮುಚ್ಚಿಡುತ್ತಾರೆ. ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರಿಗೆ ಗುಟ್ಟಾಗಿಯಾದರೂ ತಿಳಿಸಿಬಿಡಬೇಕು.

ದಾದಿಗೆ ಅವರ ಕನ್ನಡಕವನ್ನು, ಕಿವಿಯ ಯಂತ್ರವನ್ನು ಆಸ್ಪತ್ರೆಯಲ್ಲಿಯೂ ಕೊಡಿ. ಕಣ್ಣು ಕಾಣದೆ, ಕಿವಿ ಕೇಳದೆ ಮಲಗಿದವರಿಗೆ ಹಗಲು ರಾತ್ರಿಯ ಅರಿವು ಬೇಗ ಕಳೆಯುತ್ತದೆ. ಹಗಲಿನಲ್ಲಿ ಕಿಟಕಿಯ ಪರದೆ ಸರಿಸಿ. ಪರಿಚಿತ ಮುಖವೊಂದು ಹತ್ತಿರವಿರಲಿ; ಇದು ಯಾವ ಊರು, ಇಂದು ಯಾವ ವಾರ, ಯಾವ ನಮಾಝ್‌ನ ವೇಳೆ ಎಂದು ಆಗಾಗ ಮೃದುವಾಗಿ ಹೇಳುತ್ತಿರಲಿ. ನರ್ಸುಗಳು ಮರಾಠಿಯಲ್ಲೋ ಕನ್ನಡದಲ್ಲೋ ಮಾತಾಡುವಾಗ, ಜೀವನವಿಡೀ ಮನೆಯ ದಖ್ಖನಿಯನ್ನೇ ಆಡಿದ ಅಜ್ಜಿಗೆ ಮೊಮ್ಮಗಳ ದನಿಯೊಂದೇ ದಿಕ್ಕು ತೋರಿಸಬಹುದು.

ನಿದ್ರೆ ಮಾತ್ರೆಯ ಸಂಗತಿ ಇನ್ನೂ ಗಂಭೀರ. ಮೆಡಿಕಲ್ ಅಂಗಡಿಯಲ್ಲಿ ಪರಿಚಯದವರಿದ್ದಾರೆ, ಪಕ್ಕದ ಮನೆಯ ಭಾಭಿಗೆ ಕೊಟ್ಟ ಮಾತ್ರೆ ಮಿಕ್ಕಿದೆ, ಅಷ್ಟೇ ಸಾಕು. ಆಲ್ಪ್ರಜೋಲಮ್‌ನಂತಹ ಮಾತ್ರೆಗಳು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಎಚ್1 ಪಟ್ಟಿಗೆ ಸೇರಿವೆ. ನೋವಿಗೆ ಕೊಟ್ಟ ಟ್ರಮಡಾಲ್‌ನೊಡನೆ ಅದನ್ನು ನುಂಗಿದರೆ ಉಸಿರಾಟವೇ ಕುಗ್ಗಬಹುದು. ಜೋರಾಗಿ ಗೊರಕೆ ಹೊಡೆದು, ನಡುನಡುವೆ ಉಸಿರು ನಿಂತಂತಾಗುವವರಿಗೆ ಅಪಾಯ ಇನ್ನೂ ಹೆಚ್ಚು; ಅಂಥವರ ಗೊರಕೆಯ ವಿಷಯವನ್ನು ನಗೆಯಾಡದೆ ಶಸ್ತ್ರಚಿಕಿತ್ಸೆಗೆ ಮೊದಲು ಅರಿವಳಿಕೆ ತಜ್ಞರಿಗೆ ಹೇಳಬೇಕು. ವೃದ್ಧರಲ್ಲಿ ಈ ಮಾತ್ರೆಗಳು ಡೆಲಿರಿಯಂ ಅನ್ನು ಹೆಚ್ಚಿಸುತ್ತವೆ, ರಾತ್ರಿ ಶೌಚಕ್ಕೆ ಎದ್ದಾಗ ಬೀಳಿಸುತ್ತವೆ. ಕೆಲವೇ ವಾರಗಳಲ್ಲಿ ಅಭ್ಯಾಸವಾಗಿ, ಬಿಟ್ಟರೆ ನಿದ್ರೆಯೇ ಬರದ ಸ್ಥಿತಿ ಬರಬಹುದು. ಹಾಗೆಂದು ವೈದ್ಯರು ನೋಡಿ, ಪ್ರಮಾಣ ನಿಗದಿ ಮಾಡಿ, ಇಷ್ಟು ದಿನವೆಂದು ಬರೆದುಕೊಟ್ಟದ್ದನ್ನು ಅಮಲು ಪದಾರ್ಥವೆಂದು ಹೆದರಿ ಎಸೆಯುವುದೂ ಸರಿಯಲ್ಲ.

ಹೆಣ್ಣುಮಕ್ಕಳ ನಿದ್ರೆಯನ್ನು ನಮ್ಮ ಮನೆಗಳು ನಿದ್ರೆಯೆಂದೇ ಎಣಿಸುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೆಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 31ರಷ್ಟು ಹೆರಿಗೆಗಳು ಸಿಸೇರಿಯನ್. ಹೊಟ್ಟೆ ಕೊಯ್ಸಿಕೊಂಡ ಗಂಡಸಿಗೆ ಆರು ವಾರ ವಿಶ್ರಾಂತಿ ಕೊಡುವ ಮನೆಯೇ ಹೊಟ್ಟೆ ಕೊಯ್ಸಿಕೊಂಡ ಸೊಸೆಯ ಪಕ್ಕದಲ್ಲಿ ಎರಡು ಗಂಟೆಗೊಮ್ಮೆ ಅಳುವ ಕೂಸನ್ನು ಮಲಗಿಸಿ ಬಾಗಿಲು ಎಳೆದುಕೊಳ್ಳುತ್ತದೆ. ಹಾಲು ಕುಡಿಸುವುದು ಅವಳಿಂದಲೇ ಆಗಬೇಕು, ನಿಜ. ಆದರೆ ಕೂಸನ್ನು ಎತ್ತಿಕೊಡುವುದು, ಬಟ್ಟೆ ಬದಲಾಯಿಸುವುದು, ತೇಗಿಸಿ ಮಲಗಿಸುವುದು ಗಂಡನಿಂದ ಆಗದೇ? ನಿದ್ರೆಯಿಲ್ಲದ ಬಾಣಂತಿ ಸುಮ್ಮಸುಮ್ಮನೆ ಅಳುತ್ತಾಳೆ, ಕೂಸು ಮಲಗಿದರೂ ಮಲಗಲಾರಳು ಎಂದಾದರೆ ಅದು ಬಾಣಂತಿಯ ಖಿನ್ನತೆಯ ಚಿಹ್ನೆ ಇರಬಹುದು, ತಡಮಾಡದೆ ವೈದ್ಯರಿಗೆ ತೋರಿಸಬೇಕು. ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆಸಿಕೊಂಡ ಹೆಂಗಸರಿಗೆ ಮುಟ್ಟು ನಿಲ್ಲುವ ವಯಸ್ಸಿನ ಬಿಸಿ ಬೆವರು ಒಂದೇ ವಾರದಲ್ಲಿ ಶುರುವಾಗಿ ರಾತ್ರಿಯ ನಿದ್ರೆಯನ್ನು ಚೂರುಚೂರು ಮಾಡುತ್ತದೆ. ನಾಚಿಕೆಯಿಂದ ಅವರು ಹೇಳುವುದಿಲ್ಲ. ಇದಕ್ಕೆ ಚಿಕಿತ್ಸೆಯಿದೆಯೆಂಬುದೇ ಅನೇಕರಿಗೆ ತಿಳಿದಿಲ್ಲ.

ಮನೆಯಲ್ಲಿ ಮಾಡಬಹುದಾದ ಕೆಲವು ಸಂಗತಿಗಳು ದುಬಾರಿಯಲ್ಲ. ನಮ್ಮ ಕಡೆ ಮಳೆಗಾಲದಲ್ಲಿ, ವಿಶೇಷವಾಗಿ ಕಣಕುಂಬಿ, ಜಾಂಬೋಟಿಯ ಕಡೆ, ದಿನಗಟ್ಟಲೆ ಸೂರ್ಯ ಕಾಣುವುದಿಲ್ಲ. ಒಳಕೋಣೆಯ ಮಬ್ಬಿನಲ್ಲಿ ದಿನವಿಡೀ ಮಲಗಿದ ದೇಹಕ್ಕೆ ರಾತ್ರಿ ಯಾವುದೆಂದು ತಿಳಿಯುವುದು ಕಷ್ಟ. ವೈದ್ಯರು ಕೂರಲು ಅನುಮತಿಸಿದ ದಿನದಿಂದಲೇ ರೋಗಿಯನ್ನು ಬೆಳಿಗ್ಗೆ ಕಟ್ಟೆಯ ಮೇಲೆ ಅರ್ಧ ಗಂಟೆ ಕೂರಿಸಿ. ಮೋಡದ ದಿನದ ಬೆಳಕೂ ಕೋಣೆಯ ಬಲ್ಬಿಗಿಂತ ಹೆಚ್ಚು. ಲುಹರ್ ಹೊತ್ತಿನ ಕೈಲೂಲಾ ಸುನ್ನತ್, ರೋಗಿಗೆ ಹಿತವೂ ಹೌದು. ಅದು ಅಸರ್ ದಾಟಿ ಮಗ್ರಿಬ್‌ವರೆಗೆ ಬೆಳೆದರೆ ರಾತ್ರಿಯನ್ನು ತಿನ್ನುತ್ತದೆ. ಚಹಾದ ಕೆಫೀನ್ ಐದು ಗಂಟೆಯ ನಂತರವೂ ಅರ್ಧದಷ್ಟು ರಕ್ತದಲ್ಲೇ ಇರುತ್ತದೆ, ಆದ್ದರಿಂದ ಅತಿಥಿಗಳ ಜೊತೆ ರೋಗಿಗೂ ಒಂದು ಲೋಟ ಎಂಬ ಉಪಚಾರ ಸಂಜೆ ಬೇಡ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರಿಗೆ ತಲೆಯ ಕಡೆ ಎತ್ತರಿಸಿ, ಮಂಡಿ ಸ್ವಲ್ಪ ಮಡಚಿ ಮಲಗಿದರೆ ಹೊಲಿಗೆಯ ಎಳೆತ ಕಡಿಮೆ. ಮಂಡಿ ಬದಲಾಯಿಸಿಕೊಂಡವರ ಮಂಡಿಯ ಕೆಳಗೆ ಮಾತ್ರ ರಾತ್ರಿಯಿಡೀ ದಿಂಬು ಇಡಬಾರದು, ಕಾಲು ನೆಟ್ಟಗಾಗುವುದು ಕಷ್ಟವಾಗುತ್ತದೆ. ಎದೆಯ ಮೂಳೆ ಕೂಡಲು ಎರಡು ಮೂರು ತಿಂಗಳು ಬೇಕು. ಮಗ್ಗುಲಾಗುವುದು ಯಾವಾಗ ಎಂಬುದನ್ನು ಶಸ್ತ್ರಚಿಕಿತ್ಸಕರೇ ಹೇಳಬೇಕು. ಸಪಾಟಾದ ಹಾಸಿಗೆಯಲ್ಲಿ ಮಲಗಿದೊಡನೆ ಉಸಿರು ಕಟ್ಟುವುದು, ಒಂದೇ ಮೀನಖಂಡ ಊದಿ ನೋಯುವುದು, ಜ್ವರ, ಗಾಯದಿಂದ ಕೀವು, ಇವುಗಳಿಂದ ಎಚ್ಚರವಾದರೆ ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆ ಮಾಡಬೇಕು. ಗಾಯ ವಾಸಿಯಾಗಿ ವಾರಗಳು ಕಳೆದರೂ ನಿದ್ರೆ ಮರಳದೆ ಮನಸ್ಸು ಕುಸಿಯುತ್ತಿದ್ದರೆ ಸರ್ಕಾರದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲಿಯೂ ಮಾತಾಡುತ್ತಾರೆ.

ಕೊನೆಯದಾಗಿ ಒಂದು ಬೇಡಿಕೆ, ನಮ್ಮ ಜಮಾಅತ್‌ಗಳ ಮುಂದೆ. 2024ರ ಮಳೆಗಾಲದಲ್ಲಿ ಭೀಮಗಡ ಅರಣ್ಯದೊಳಗಿನ ಆಮಗಾಂವದಿಂದ ರೋಗಿಯೊಬ್ಬರನ್ನು ಊರವರು ಹೆಗಲ ಮೇಲೆ ಹೊತ್ತು ಕಾಡು ದಾಟಿಸಿದ ಸುದ್ದಿಯನ್ನು ಎಲ್ಲರೂ ಓದಿದ್ದೇವೆ. ಖಾನಾಪುರ ತಾಲೂಕಿನ ಒಳಹಳ್ಳಿಗಳಿಂದ ಬೆಳಗಾವಿಗೆ ಬರುವವರಲ್ಲಿ ಅನೇಕರಿಗೆ ರೋಗಿಯ ಜೊತೆಗಿರಲು ಒಬ್ಬರೇ ಇರುತ್ತಾರೆ, ಹೆಚ್ಚಾಗಿ ಹೆಂಡತಿ ಅಥವಾ ಮಗಳು. ಅವಳು ಹಾಸಿಗೆಯ ಕೆಳಗೆ ಚಾಪೆ ಹಾಸಿ ಐದಾರು ರಾತ್ರಿ ಅರೆನಿದ್ರೆಯಲ್ಲಿ ಕಳೆಯುತ್ತಾಳೆ. ನಿದ್ರೆಗೆಟ್ಟ ಅವಳ ಕೈಯಲ್ಲೇ ಮಾತ್ರೆಗಳ ಚೀಟಿಯೂ ಇರುತ್ತದೆ. ಹತ್ತು ಜನ ಸಂಜೆ ಬಂದು ಒಂದು ಗಂಟೆ ಕೂತು ಹೋಗುವ ಬದಲು, ಇಬ್ಬರು ಬಂದು ಅವಳನ್ನು ಹತ್ತಿರದ ಮನೆಯೊಂದಕ್ಕೆ ಮಲಗಲು ಕಳಿಸಿ ಒಂದು ರಾತ್ರಿ ಕಾವಲಿದ್ದರೆ ಅದಕ್ಕಿಂತ ದೊಡ್ಡ ಇಯಾದತ್ ಯಾವುದು? ಬೆಳಗಾವಿಯ ಯಾವುದೇ ಮೊಹಲ್ಲಾದಲ್ಲಿ ಇಂತಹ ಯುವಕರ, ಯುವತಿಯರ ಪಟ್ಟಿಯೊಂದನ್ನು ಮಸೀದಿ ಕಮಿಟಿ ಸಿದ್ಧಪಡಿಸುವುದು ಕಷ್ಟವಲ್ಲ. ಗಂಡಸರ ವಾರ್ಡಿಗೆ ಗಂಡಸರು, ಹೆಂಗಸರ ವಾರ್ಡಿಗೆ ಹೆಂಗಸರು. ರಮಝಾನ್‌ನಲ್ಲಿ ಆಸ್ಪತ್ರೆಗಳಿಗೆ ಸಹರಿ ಒಯ್ಯುವ ಹುಡುಗರು ನಮ್ಮಲ್ಲಿ ಹಲವರಿದ್ದಾರೆ. ಉಳಿದ ಹನ್ನೊಂದು ತಿಂಗಳಲ್ಲಿ ವಾರಕ್ಕೊಂದು ರಾತ್ರಿಯನ್ನು ಅವರಿಂದ ಕೇಳಬಹುದು. ಆ ಪಟ್ಟಿಯ ಫೋನ್ ಸಂಖ್ಯೆಯನ್ನು ಖಾನಾಪುರ, ನಂದಗಡ, ಲೋಂಡಾದ ಮಸೀದಿಗಳ ಫಲಕಕ್ಕೆ ಕಳಿಸಿದರೆ, ಹಳ್ಳಿಯಿಂದ ಹೊರಡುವ ಮನೆಯವರು ಅದನ್ನು ಬರೆದುಕೊಂಡು ಬರುತ್ತಾರೆ.